ಕಳ್ಳಿಗೆ ನೀರು ಬ್ಯಾಡೇನು? ಡ್ರ್ಯಾಗನ್ ಹಾಕುವ ಮೊದಲು ಕಳ್ಳಿ ಬದುಕೋ ರೀತಿ ತಿಳಿಯೋಣ

ಹೋದ ಸೋಮವಾರ ಬಬಲೇಶ್ವರ ಕಡೆಯ ಕಾಕಾ ಒಬ್ಬರು ನಮ್ಮ ತೋಟ ನೋಡೋಕೆ ಬಂದಿದ್ದರು. ಹದಿನೆಂಟು ವರ್ಷದ ದ್ರಾಕ್ಷಿ ಪಡ ಈ ಸಲ ಕಿತ್ತು ಹಾಕಿದ್ದಾರೆ. ತೋಟದಾಗ ಕಾಲಿಟ್ಟವರೇ ಕೇಳಿದರು:

"ಯವ್ವಾ, ಎರಡ ಎಕರೆ ಪೂರಾ ಡ್ರ್ಯಾಗನ್ ಹಾಕ್ಬೇಕಂತ ಮಾಡೀನಿ. ಸಸಿ ಮಾರೂ ಹುಡುಗ ಹೇಳ್ಯಾನ, ಕಳ್ಳಿ ಐತ್ರಿ ಕಾಕಾರ, ನೀರ ಬ್ಯಾಡ, ತನ್ನಷ್ಟಕ್ಕ ತಾನ ಬೆಳಿತೈತಿ ಅಂತ. ಸಾಲಕ್ಕ ಕಾಗದ ಕೊಟ್ಟೀನಿ. ನೀ ಓದಿದಾಕಿ, ಏನಂತಿ?"

ನಾನು ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಹೊಲದ ಕೆಳಗಿನ ತುದಿಗೆ ಕರಕೊಂಡು ಹೋಗಿ, ಖಾಲಿ ನಿಂತಿರುವ ಸಿಮೆಂಟ್ ಕಂಬಗಳನ್ನು ತೋರಿಸಿದೆ. ಅವು ನನ್ನ ಓದಿಗೆ ನಾನೇ ಕೊಟ್ಟ ದಂಡ. ಈ ವಾರದ ಪಾಠ ಆ ಕಂಬಗಳಿಂದಲೇ ಶುರು ಮಾಡೋಣ.

41 ಕಂಬ ಹೇಗೆ ಖಾಲಿಯಾದವು

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ, ಕೆಲ ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ತಿಕೋಟಾ ಹತ್ತಿರದ ಮನೆಯ ಹೊಲಕ್ಕೆ ಬಂದವಳು ನಾನು. 2020ರ ಜುಲೈನಲ್ಲಿ 60 ಕಂಬ ನೆಟ್ಟು, ಕಂಬಕ್ಕೆ ನಾಲ್ಕರಂತೆ ಡ್ರ್ಯಾಗನ್ ಹಣ್ಣಿನ ಸಸಿ ಹಚ್ಚಿದೆ. ಜಾಗ ಯಾವುದು? ನಮ್ಮಲ್ಲಿರುವ ಒಳ್ಳೆ ಜಾಗ, ಅಂದರೆ ಎರಿ ಭೂಮಿ. ಒಳ್ಳೆ ಬೆಳೆಗೆ ಒಳ್ಳೆ ಮಣ್ಣು ಕೊಡಬೇಕು ಅನ್ನೋ ಲೆಕ್ಕ. ಪ್ರತಿ ಕಂಬದ ಸುತ್ತ ನಿಂಬೆ ಗಿಡಕ್ಕೆ ಮಾಡುವ ಹಾಗೆ ತಗ್ಗು ಪಾತಿ ಮಾಡಿದೆ. ತಿಪ್ಪೆಗೊಬ್ಬರ ಬುಡಕ್ಕೇ ಸುರಿದೆ.

ಆ ವರ್ಷದ ಅಕ್ಟೋಬರ್ ಮಳೆ ನಿಮಗೆಲ್ಲ ನೆನಪಿರಬೇಕು. ಭೀಮಾ ತೀರದ ಊರುಗಳು ನೀರಲ್ಲಿ ನಿಂತ ತಿಂಗಳು ಅದು. ನಮ್ಮ ಪಾತಿಗಳಲ್ಲೂ ದಿನಗಟ್ಟಲೆ ನೀರು ನಿಂತಿತು. ಮಳೆ ನಿಂತ ಎರಡು ವಾರಕ್ಕೆ ಕಾಂಡದ ಬುಡ ಹಳದಿಯಾಯಿತು, ಮುಟ್ಟಿದರೆ ಮೆತ್ತಗೆ, ಆಮೇಲೆ ಕೊಳೆತ ವಾಸನೆ. 60ರಲ್ಲಿ 41 ಕಂಬದ ಸಸಿಗಳು ಹೋದವು. ಉಳಿದ 19ರ ಪೈಕಿ ಅರ್ಧಕ್ಕೆ ಮುಂದಿನ ಏಪ್ರಿಲ್‌ನಲ್ಲಿ ಬಿಸಿಲು ಬಡಿದು ಕಾಂಡದ ಮೇಲೆ ಬಿಳಿ-ಹಳದಿ ಸುಟ್ಟ ಕಲೆ ಬಿತ್ತು.

ಅಂದರೆ ನಮ್ಮ ಕಳ್ಳಿ ಮಳೆಗಾಲದಲ್ಲಿ ನೀರಿಗೆ ಸತ್ತಿತು, ಬೇಸಿಗೆಯಲ್ಲಿ ಬಿಸಿಲಿಗೆ ಸುಟ್ಟಿತು. ಪುಸ್ತಕದಲ್ಲಿ ಓದಿದ್ದನ್ನು ಗಿಡದ ಮುಂದೆ ಕೂತು ಮತ್ತೆ ಓದಿದ್ದು ಆವಾಗಲೇ.

ಮೊದಲು ಕಳ್ಳಿ ಯಾವುದು, ಕ್ಯಾಕ್ಟಸ್ ಯಾವುದು

ನಮ್ಮ ಮಾತಿನಲ್ಲಿ ಮುಳ್ಳಿದ್ದು, ದಪ್ಪ ಕಾಂಡವಿದ್ದು, ಒಣ ನೆಲದಲ್ಲಿ ನಿಲ್ಲುವುದೆಲ್ಲ ಕಳ್ಳಿ. ಆದರೆ ಬೇಲಿಯ ಚದುರಗಳ್ಳಿ, ಎಲೆಗಳ್ಳಿ, ಬೊಂತೆಗಳ್ಳಿ ಇವೆಲ್ಲ ಬೇರೆ ಕುಟುಂಬ. ಮುರಿದರೆ ಬಿಳಿ ಹಾಲು ಬರುತ್ತದೆ, ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಡಬ್ಬಗಳ್ಳಿ, ಅಂದರೆ ಪಾಪಾಸುಕಳ್ಳಿ, ಮತ್ತು ಡ್ರ್ಯಾಗನ್ ಹಣ್ಣು ನಿಜವಾದ ಕ್ಯಾಕ್ಟಸ್ ಕುಟುಂಬದವು. ಮುರಿದರೆ ಹಾಲು ಬರುವುದಿಲ್ಲ, ಲೋಳೆ ಬರುತ್ತದೆ. ಇನ್ನೊಂದು ಗುರುತು: ಮುಳ್ಳುಗಳು ಒಂದು ಸಣ್ಣ ದಿಂಬಿನಂಥ ಚುಕ್ಕೆಯಿಂದ ಗುಂಪಾಗಿ ಹೊರಡುತ್ತವೆ. ಹೊಸ ಚಿಗುರು, ಹೂವು ಬರುವುದೂ ಅದೇ ಚುಕ್ಕೆಯಿಂದ. ಈ ಕುಟುಂಬ ಹೆಚ್ಚುಕಮ್ಮಿ ಪೂರ್ತಿ ಅಮೆರಿಕ ಖಂಡಗಳ ಮೂಲದ್ದು.

ಎರಡೂ ಕುಟುಂಬಗಳು ಬೇರೆ ಬೇರೆ ಖಂಡದಲ್ಲಿ ಬೆಳೆದರೂ ನೋಡೋಕೆ ಒಂದೇ ಥರ ಯಾಕೆ? ಇಬ್ಬರಿಗೂ ಬಂದ ಕಷ್ಟ ಒಂದೇ, ನೀರಿನ ಬರ. ಹಾಗಾಗಿ ಹುಡುಕಿಕೊಂಡ ದಾರಿಯೂ ಒಂದೇ.

ನೀರು ಉಳಿಸೋ ನಾಲ್ಕು ದಾರಿ

ಒಂದು, ಎಲೆ ಬಿಟ್ಟಿದ್ದು. ಗಿಡದ ನೀರು ಹೆಚ್ಚಾಗಿ ಹೋಗುವುದು ಎಲೆಯಿಂದ. ಕ್ಯಾಕ್ಟಸ್ ಎಲೆಯನ್ನು ಮುಳ್ಳಾಗಿಸಿಕೊಂಡಿತು. ಅಡುಗೆ ಮಾಡುವ ಕೆಲಸ ಹಸಿರು ಕಾಂಡಕ್ಕೆ ಬಂತು. ಮುಳ್ಳು ದನ-ಕುರಿಯಿಂದ ಕಾಯುವುದಷ್ಟೇ ಅಲ್ಲ, ಬಿಸಿ ಗಾಳಿಯನ್ನು ಕಾಂಡದ ಮೈಗೆ ನೇರ ತಾಗದಂತೆ ತಡೆಯುತ್ತದೆ, ಒಂಚೂರು ನೆರಳೂ ಕೊಡುತ್ತದೆ.

ಎರಡು, ಮೇಣದ ಹೊದಿಕೆ ಮತ್ತು ಲೋಳೆ. ಕಾಂಡದ ಮೇಲೆ ಬೆರಳಾಡಿಸಿದರೆ ಜಾರುವ ಮೇಣದ ಪದರ ಗೊತ್ತಾಗುತ್ತದೆ. ಒಳಗಿನ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಂಡದ ಏಣುಗಳು ಕುಪ್ಪಸದ ನೆರಿಗೆ ಇದ್ದ ಹಾಗೆ, ನೀರಿದ್ದಾಗ ಉಬ್ಬುತ್ತವೆ, ಬರದಲ್ಲಿ ಮಡಚಿಕೊಳ್ಳುತ್ತವೆ. ಮೈ ಸೀಳುವುದಿಲ್ಲ.

ಮೂರು, ಮೇಲುಮೇಲಿನ ಬೇರು. ಒಣ ನಾಡಿನ ಗಿಡ ಅಂದರೆ ಬೇರು ಪಾತಾಳಕ್ಕೆ ಹೋಗಿರುತ್ತೆ ಅಂದುಕೊಳ್ಳುತ್ತೇವೆ. ಜಾಲಿ, ಬೇವಿಗೆ ಅದು ನಿಜ. ಹೆಚ್ಚಿನ ಕ್ಯಾಕ್ಟಸ್ ಹಾಗಲ್ಲ. ಅದರ ಬೇರು ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡುತ್ತದೆ. ಒಂದು ಸಣ್ಣ ಮಳೆ ಬಿದ್ದರೂ ಸಾಕು, ಕೆಲ ಗಂಟೆಗಳಲ್ಲೇ ಹೊಸ ಎಳೆ ಬೇರು ಒಡೆದು ನೀರು ಹೀರುತ್ತದೆ. ನೆಲ ಒಣಗಿದ ಮೇಲೆ ಆ ಎಳೆ ಬೇರುಗಳನ್ನು ಗಿಡ ಉದುರಿಸಿಬಿಡುತ್ತದೆ. ಇಲ್ಲದಿದ್ದರೆ ಕಾಂಡದ ನೀರು ಅದೇ ಬೇರಿನಿಂದ ಒಣ ಮಣ್ಣಿಗೆ ಹೋದೀತು.

ನನ್ನ ತಪ್ಪಿನ ಬೇರು ಇಲ್ಲಿತ್ತು ನೋಡಿ. ಈ ಬೇರಿಗೆ ಬೇಕಾದದ್ದು ಬೇಗ ತೊಯ್ದು ಬೇಗ ಆರುವ, ಗಾಳಿಯಾಡುವ ನೆಲ. ಎರಿ ಮಣ್ಣು ನೀರು ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹಿಂಗಾರಿ ಜೋಳ, ಕಡ್ಲಿಗೆ ಅದೇ ವರ. ಕ್ಯಾಕ್ಟಸ್ ಬೇರಿಗೆ ಅದೇ ಉಸಿರು ಕಟ್ಟಿಸುವ ಶಾಪ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಬೇರೆ ಪಾಠವೇ ಬೇಕು.

ರಾತ್ರಿ ಉಸಿರಾಡುವ ಗಿಡ

ಯಾವ ಗಿಡವೂ ಅಡುಗೆ ಮಾಡಲು ಬಿಸಿಲು, ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಕು. ಆ ಗಾಳಿ ಒಳಗೆ ಬರಲು ಎಲೆಯಲ್ಲಿ ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತೀವಿ. ಬಾಯಿ ತೆರೆದರೆ ಗಾಳಿ ಒಳಗೆ ಬರುತ್ತದೆ, ಜೊತೆಗೆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ದ್ರಾಕ್ಷಿ, ಜೋಳ, ತೊಗರಿ ಎಲ್ಲವೂ ಹಗಲಿನಲ್ಲೇ ಬಾಯಿ ತೆರೆಯುತ್ತವೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಬಾಯಿ ತೆರೆದು ನಿಂತರೆ ಗತಿ ಏನು?

ಕ್ಯಾಕ್ಟಸ್ ಹಗಲಿಡೀ ಬಾಯಿ ಮುಚ್ಚಿಕೊಂಡಿರುತ್ತದೆ. ಹೊತ್ತು ಮುಳುಗಿ, ತಂಪಾಗಿ, ಗಾಳಿಯಲ್ಲಿ ತೇವ ಏರಿದ ಮೇಲೆ ತೆರೆಯುತ್ತದೆ. ರಾತ್ರಿ ಒಳಗೆಳೆದ ಗಾಳಿಯಿಂದ ಅಡುಗೆ ಮಾಡಲು ಆಗ ಬಿಸಿಲಿಲ್ಲ. ಅದಕ್ಕೆ ಅದನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ ಕೋಶದೊಳಗಿನ ಚೀಲದಲ್ಲಿ ತುಂಬಿಡುತ್ತದೆ. ಬೆಳಗಾದ ಮೇಲೆ ಬಾಯಿ ಮುಚ್ಚಿ, ಆ ಆಮ್ಲವನ್ನು ಒಡೆದು, ಬಂದ ಇಂಗಾಲದ ಡೈಆಕ್ಸೈಡ್‌ನಿಂದ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ರಾತ್ರಿ ಸಂತೆ ಮಾಡಿ ಹಗಲು ಬಾಗಿಲು ಹಾಕಿಕೊಂಡು ಅಡುಗೆ ಮಾಡಿದ ಹಾಗೆ. ಪುಸ್ತಕದಲ್ಲಿ ಇದಕ್ಕೆ 'ಕ್ಯಾಮ್' ವಿಧಾನ ಅನ್ನುತ್ತಾರೆ.

ಮ್ಯಾಲಿಕ್ ಆಮ್ಲ ನಮಗೆ ಹೊಸದೇನಲ್ಲ. ಕಾಯಿ ದ್ರಾಕ್ಷಿಯ ಹುಳಿಯಲ್ಲಿ ಅದರ ಪಾಲಿದೆ. ಬೆಳಿಗ್ಗೆ ಕಡ್ಲಿ ಹೊಲದಲ್ಲಿ ನಡೆದರೆ ಸೀರಿ-ಧೋತರಕ್ಕೆ ಹತ್ತುವ ಹುಳಿಯಲ್ಲೂ ಅದಿದೆ. ಕಡ್ಲಿ ಮಾತ್ರ ಹಗಲಲ್ಲೇ ಬಾಯಿ ತೆರೆಯುವ ಗಿಡ, ಆ ಹುಳಿ ಅದಕ್ಕೆ ಬೇರೆ ಕೆಲಸಕ್ಕೆ.

ಈ ಗುಟ್ಟು ಮೊದಲು ಬರೆದಿಟ್ಟವರಲ್ಲಿ ಒಬ್ಬನಿಗೆ ನಮ್ಮ ಕರ್ನಾಟಕದ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞ ಬೆಂಜಮಿನ್ ಹೇನ್ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದವನು. ಭಾರತದಲ್ಲಿದ್ದಾಗ ಕಾಡುಬಸಳೆ ಎಲೆಯನ್ನು ಬಾಯಿಗೆ ಹಾಕಿ ನೋಡಿದ ಅವನಿಗೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಅನ್ನಿಸಿತು. ಅದನ್ನು ಕಾಗದ ಬರೆದು ತಿಳಿಸಿದ.

ನೀವೂ ನೋಡಬಹುದು. ಡ್ರ್ಯಾಗನ್‌ನ ಎಳೆ ಕಾಂಡದ ಚೂರನ್ನು ಬೆಳಿಗ್ಗೆ 6 ಗಂಟೆಗೆ ನಾಲಿಗೆಗೆ ತಾಗಿಸಿ, ಅದೇ ಗಿಡದ ಇನ್ನೊಂದು ಚೂರನ್ನು ಸಂಜೆ 5ಕ್ಕೆ. ಹುಳಿಯ ವ್ಯತ್ಯಾಸ ಗೊತ್ತಾಗುತ್ತದೆ. ಹಾಲು ಬರುವ ಕಳ್ಳಿಯಲ್ಲಿ ಮಾತ್ರ ಈ ಪರೀಕ್ಷೆ ಖಂಡಿತ ಮಾಡಬೇಡಿ, ಮಕ್ಕಳಿಗೂ ಹೇಳಿ.

ಲೆಕ್ಕ ಹೀಗಿದೆ. 1 ಗ್ರಾಂ ಇಂಗಾಲದ ಡೈಆಕ್ಸೈಡ್ ಒಳಗೆಳೆಯಲು ದ್ರಾಕ್ಷಿಯಂಥ ಗಿಡ ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಳ್ಳುತ್ತದೆ. ಜೋಳದ ಗುಂಪಿನ ಗಿಡ 250ರಿಂದ 300 ಗ್ರಾಂ. ಕ್ಯಾಕ್ಟಸ್ ಗುಂಪು 50ರಿಂದ 100 ಗ್ರಾಂ ಅಷ್ಟೇ.

ಹಾಗಾದರೆ ಬೆಲೆ ಏನು?

ಪುಕ್ಕಟೆ ಏನೂ ಸಿಗೋದಿಲ್ಲ. ಚೀಲದಲ್ಲಿ ಎಷ್ಟು ಆಮ್ಲ ಹಿಡಿಯುತ್ತೋ ಅಷ್ಟೇ ಮರುದಿನದ ಅಡುಗೆ. ಅದಕ್ಕೇ ಮರುಭೂಮಿಯ ಕ್ಯಾಕ್ಟಸ್‌ಗಳು ಬಹಳ ನಿಧಾನ. ಅಮೆರಿಕದ ಅರಿಜೋನಾದ ದೈತ್ಯ ಸಗುವಾರೋ ಕ್ಯಾಕ್ಟಸ್ ಮೊದಲ 8 ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೂವರೆ ಇಂಚು.

ಬರ ತೀರಾ ಜಾಸ್ತಿಯಾದರೆ ಕ್ಯಾಕ್ಟಸ್ ರಾತ್ರಿಯೂ ಬಾಯಿ ತೆರೆಯುವುದಿಲ್ಲ. ತನ್ನ ಉಸಿರಿನಲ್ಲೇ ಬಂದದ್ದನ್ನು ಮತ್ತೆ ಮತ್ತೆ ಬಳಸಿಕೊಂಡು ಜೀವ ಹಿಡಿಯುತ್ತದೆ. ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಕಾಕಾಗೆ ನಾನು ಹೇಳಿದ ಮುಖ್ಯ ಮಾತು ಇದೇ: "ಕಾಕಾ, ನೀರಿಲ್ಲದ ಕಳ್ಳಿ ಬದುಕ್ತೈತಿ, ಖರೆ. ಆದ್ರ ಬದುಕೂದು ಬ್ಯಾರೆ, ಹಣ್ಣ ಕೊಡೂದು ಬ್ಯಾರೆ. ಸಾಲದ ಕಂತ ಕಟ್ಟೂದು ಹಣ್ಣ."

ಇನ್ನೊಂದು ಸೂಕ್ಷ್ಮ ಇದೆ. ಡಬ್ಬಗಳ್ಳಿ ಬಿಸಿಲಲ್ಲಿ ಹುಟ್ಟಿದ್ದು. ಡ್ರ್ಯಾಗನ್ ಹಾಗಲ್ಲ. ಅದರ ತವರು ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡು. ಮರಗಳನ್ನು ಹಿಡಿದು ಹತ್ತುವ, ಎಲೆ ಸಂದಿನ ಬಿಸಿಲಲ್ಲಿ ಬೆಳೆಯುವ ಕ್ಯಾಕ್ಟಸ್ ಅದು. ನಾವು ಕಂಬ ಕೊಡುವುದು ಮರದ ಬದಲಿಗೆ. ಆದರೆ ಮರದ ನೆರಳು ಕೊಡುವುದನ್ನು ಮರೆಯುತ್ತೇವೆ. ಹಗಲು 30, ರಾತ್ರಿ 20 ಡಿಗ್ರಿ ಆಸುಪಾಸು ಅದಕ್ಕೆ ಹಿತ. ನಮ್ಮಲ್ಲಿ ಏಪ್ರಿಲ್-ಮೇ ಹಗಲು 40 ದಾಟುತ್ತದೆ, ರಾತ್ರಿಯೂ ಬೇಗ ತಣಿಯುವುದಿಲ್ಲ. ರಾತ್ರಿ ಉಸಿರಾಡುವ ಗಿಡಕ್ಕೆ ರಾತ್ರಿಯ ಸೆಕೆಯೇ ಹೆಚ್ಚು ಪೆಟ್ಟು.

ಈಗ ನಮ್ಮ ತೋಟದಲ್ಲಿ ಏನು ಮಾಡ್ತೀವಿ

ಜಾಗ: ಎರಿ ಬಿಟ್ಟು, ಏನೂ ಬೆಳೆಯೋದಿಲ್ಲ ಅಂತ ಬಿಟ್ಟಿದ್ದ ಗರಸು ಮಡ್ಡಿಗೆ ಹೋದೆವು. ಅರ್ಧ ಎಕರೆಯಲ್ಲಿ 10×10 ಅಡಿ ಅಂತರದಲ್ಲಿ 210 ಕಂಬ. ಇಂಥ ಕಲ್ಲು ನೆಲದಲ್ಲಿ ಡ್ರ್ಯಾಗನ್ ಬೆಳೆಯುವ ಬಗ್ಗೆ ಬಾರಾಮತಿಯ ಕೇಂದ್ರ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ. ಎರಿ ಬಿಟ್ಟು ಬೇರೆ ಜಾಗವೇ ಇಲ್ಲದವರು ಒಂದೂವರೆ ಅಡಿ ಎತ್ತರದ ಏರು ಮಡಿ ಮಾಡಿ, ಗರಸು ಬೆರೆಸಿ, ನೀರು ಹೊರಗೆ ಹೋಗಲು ಕಾಲುವೆ ತೆಗೆಯಲೇಬೇಕು. ಬುಡ ಯಾವಾಗಲೂ ದಿಬ್ಬದ ಮೇಲಿರಲಿ, ಪಾತಿಯ ತಗ್ಗಿನಲ್ಲಿ ಬೇಡ.

ಸಸಿ: ಹಣ್ಣು ಬಿಟ್ಟ ಗಿಡದ ಬಲಿತ ಕಾಂಡ, 20-25 ಸೆಂ.ಮೀ. ತುಂಡು. ಕತ್ತರಿಸಿದ ಗಾಯ ಒಣಗಲು 5ರಿಂದ 7 ದಿನ ನೆರಳಲ್ಲಿಟ್ಟು ಆಮೇಲೆ ನೆಡಿ. ಹಸಿ ಗಾಯ ಹಸಿ ಮಣ್ಣಿಗೆ ಹೋದರೆ ಕೊಳೆ ಖಚಿತ.

ನೀರು: ಮೊದಲ ಮಳೆಯವರೆಗೆ ಕಂಬಕ್ಕೆ ವಾರಕ್ಕೆ ಎರಡು ಸಲ, ಸಲಕ್ಕೆ 6 ಲೀಟರ್. ಸಂಜೆ ಹೊತ್ತು ಡ್ರಿಪ್, ಬುಡದಿಂದ ಒಂದು ಅಡಿ ದೂರ. ಎಕರೆಗೆ 435 ಕಂಬ ಹಿಡಿದರೆ ವಾರಕ್ಕೆ 5,220 ಲೀಟರ್, ಹೆಚ್ಚುಕಮ್ಮಿ ಒಂದು ಟ್ಯಾಂಕರ್. ಏತ ನೀರಾವರಿ ಬರುವ ಮೊದಲು ತಿಕೋಟಾ ಭಾಗದ ರೈತರು ದ್ರಾಕ್ಷಿ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡ ವರ್ಷಗಳು ನೆನಪಿದ್ದವರಿಗೆ ಈ ಲೆಕ್ಕದ ಅರ್ಥ ಆಗುತ್ತದೆ. ಕಡಿಮೆ ಖರೆ, ಆದರೆ ಸೊನ್ನೆ ಅಲ್ಲ. ಮಳೆಗಾಲದಲ್ಲಿ ಎರಡು ಇಂಚು ಮಣ್ಣು ಕೆದಕಿ ನೋಡಿ, ತೇವ ಇದ್ದರೆ ನೀರು ಬಂದ್.

ನೆರಳು: ಸಾಲಿನ ಪಶ್ಚಿಮಕ್ಕೆ ನುಗ್ಗಿ ಹಾಕಿದ್ದೇವೆ. ಮಧ್ಯಾಹ್ನದ ನಂತರದ ಬಿಸಿಲು ಸೋಸಿ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ನುಗ್ಗಿ ಕಡಿದರೆ ಬೆಳಕೂ ಸಿಗುತ್ತದೆ, ಸೊಪ್ಪೂ ಸಿಗುತ್ತದೆ. ಹೊಸ ತೋಟಕ್ಕೆ ಮೊದಲೆರಡು ಬೇಸಿಗೆ ನೆರಳು ಪರದೆ ಕಟ್ಟಿ.

ಹೊದಿಕೆ ಮತ್ತು ಗೊಬ್ಬರ: ಕಬ್ಬಿನ ರವದಿ, ತೊಗರಿ ಹೊಟ್ಟು ಯಾವುದಾದರೂ ನಡೆಯುತ್ತದೆ. ಬೇರು ಮೇಲೆಯೇ ಇರುವುದರಿಂದ ನೆಲ ಕಾಯದಂತೆ ಮುಚ್ಚುವುದು ಮುಖ್ಯ. ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ, ಅದನ್ನೂ ಬುಡ ಬಿಟ್ಟು ಹಾಕಿ. ಬೇರು ಮೇಲಿದೆ, ಹಾಗಾಗಿ ಸಾಲಿನಲ್ಲಿ ಕುಂಟಿ ಹೊಡೆಯಬೇಡಿ.

ಸಿಂಪಡಣೆ: ಜೀವಾಮೃತವಾಗಲಿ ಇನ್ನೇನಾಗಲಿ ನಡುಮಧ್ಯಾಹ್ನ ಹೊಡೆದರೆ ವ್ಯರ್ಥ. ಮೇಲೆ ಮೇಣ, ಬಾಯಿ ಬಂದ್. ನಾವು ಬೆಳಗಿನ ಜಾವ ಹೊಡೆಯುತ್ತೇವೆ. ರಾತ್ರಿಯಿಡೀ ಕಾಂಡ ಒದ್ದೆ ಉಳಿಯುವುದಿಲ್ಲ, ರೋಗವೂ ಕಡಿಮೆ.

ಹೂವು: ಹೂವು ಅರಳುವುದೂ ರಾತ್ರಿಯೇ, ಒಂದೇ ರಾತ್ರಿ. ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಕೆಲ ತಳಿಗಳಿಗೆ ಬೇರೆ ತಳಿಯ ಪರಾಗ ಬೇಕು, ಅದಕ್ಕೆ ಒಂದೇ ತಳಿ ಹಾಕಬೇಡಿ. ಹೂವಿನಿಂದ ಹಣ್ಣಿಗೆ 30-35 ದಿನ.

ಬದುವಿನ ಡಬ್ಬಗಳ್ಳಿಯನ್ನೂ ಮರೆಯಬೇಡಿ

ಡ್ರ್ಯಾಗನ್ ಹಾಕದವರಿಗೂ ಇದರಲ್ಲಿ ಪಾಠವಿದೆ. ಮುಳ್ಳಿಲ್ಲದ ಡಬ್ಬಗಳ್ಳಿಯನ್ನು ಒಣ ನಾಡುಗಳಲ್ಲಿ ಮೇವಿಗೆ ಬೆಳೆಸುತ್ತಾರೆ. ನಮ್ಮ ದೇಶದಲ್ಲೂ ಝಾನ್ಸಿಯ ಮೇವು ಸಂಶೋಧನಾ ಸಂಸ್ಥೆ, ಬೈಫ್ ಮುಂತಾದವು ಇದರ ಮೇಲೆ ಕೆಲಸ ಮಾಡಿವೆ. ಹಸಿ ಎಸಳಿನಲ್ಲಿ ಸುಮಾರು 90 ಭಾಗ ನೀರೇ. ಬೇಸಿಗೆಯಲ್ಲಿ ಆಡು-ಕುರಿಗೆ ಮೇವೂ ಹೌದು, ನೀರೂ ಹೌದು. ಪ್ರೊಟೀನ್ ಕಡಿಮೆ, ಅದೊಂದನ್ನೇ ಹಾಕಿದರೆ ಉಚ್ಚಿಕೊಳ್ಳುತ್ತವೆ. ಕಣಿಕಿ, ಹೊಟ್ಟಿನ ಜೊತೆ ಬೆರೆಸಿ ಕೊಡಿ.

ಆದರೆ ಇದಕ್ಕೊಂದು ಹಳೆ ಕಥೆಯೂ ಇದೆ. 1795ರಲ್ಲಿ ಕಂಪನಿಯವರು ಕೆಂಪು ಬಣ್ಣ ತೆಗೆಯಲು ಬ್ರೆಜಿಲ್‌ನಿಂದ ಡಬ್ಬಗಳ್ಳಿಯ ಹುಳ ತರಿಸಿದರು. ಬಂದದ್ದು ಬೇರೆ ಜಾತಿಯ ಹುಳ. ಬಣ್ಣ ಸಿಗಲಿಲ್ಲ, ಅದು ಒಂದು ಜಾತಿ ಕಳ್ಳಿಯನ್ನೇ ತಿಂದು ಹಾಕಿತು. ಇನ್ನೊಂದು ಜಾತಿ ಡಬ್ಬಗಳ್ಳಿ ದಕ್ಷಿಣ ಭಾರತದ ಹೊಲಗಳನ್ನು ನುಂಗುತ್ತಾ ಹೋಯಿತು. ಅದಕ್ಕೆ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಹುಳ ತಂದು ಬಿಟ್ಟ ಮೇಲೆಯೇ ಹತೋಟಿಗೆ ಬಂದದ್ದು. ಡಬ್ಬಗಳ್ಳಿ ಎಸಳಿನ ಮೇಲೆ ಬಿಳಿ ಹತ್ತಿಯಂಥದ್ದು ಕಂಡರೆ ಕಡ್ಡಿಯಿಂದ ಒತ್ತಿ ನೋಡಿ, ರಕ್ತದಂತೆ ಕೆಂಪು ಬಂದರೆ ಅದು ಇದೇ ವಂಶದ ಹುಳ. ಮೇವಿಗೆ ಹಾಕುವವರು ಬೇಲಿಯೊಳಗೆ, ಕಣ್ಣಳತೆಯಲ್ಲಿ ಬೆಳೆಸಿ. ಕತ್ತರಿಸಿದ ತುಂಡುಗಳನ್ನು ಹಳ್ಳಕ್ಕೆ ಎಸೆಯಬೇಡಿ, ಬಿದ್ದಲ್ಲೇ ಬೇರು ಬಿಡುತ್ತವೆ.

ಈ ವಾರದ ಕೆಲಸ

ಶಿವರಾತ್ರಿ ಮುಗಿಯಿತು, ಬಿಸಿಲು ಏರುತ್ತಿದೆ. ತೋಟ ಇರುವವರು ಈ ವಾರವೇ ನೆರಳು ಪರದೆ ಕಟ್ಟಿ, ಕಲೆ ಬಿದ್ದ ಮೇಲೆ ಕಟ್ಟಿ ಉಪಯೋಗವಿಲ್ಲ. ಹೊದಿಕೆ ಸರಿಮಾಡಿ, ಡ್ರಿಪ್ಪರ್ ಕಟ್ಟಿದೆಯೇ ನೋಡಿ. ಬೇಸಿಗೆಯಲ್ಲಿ ಕಾಂಡ ಸ್ವಲ್ಪ ತೆಳುವಾದರೆ ಗಾಬರಿ ಬೇಡ, ಬಾಯಾರಿದ ಗುರುತು. ಮೆತ್ತಗಾಗಿ ಹಳದಿಯಾದರೆ ಮಾತ್ರ ಕೊಳೆ. ಎರಡನ್ನೂ ಗೊಂದಲ ಮಾಡಿಕೊಂಡು ಕೊಳೆತ ಗಿಡಕ್ಕೆ ನೀರು ಹಾಕುವುದೇ ಹೆಚ್ಚು.

ಹೊಸದಾಗಿ ಹಾಕುವವರು ಮೊದಲು ಒಂದು ಗುಂಡಿ ತೆಗೆಯಿರಿ, ಎರಡು ಅಡಿ ಆಳ. ಬಾಯಿತನಕ ನೀರು ತುಂಬಿ ಇಡೀ ದಿನ ಬಿಡಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಡ್ರ್ಯಾಗನ್‌ಗೆ ಅಲ್ಲ. ಸಹಾಯಧನದ ನಿಯಮ ವರ್ಷಕ್ಕೊಮ್ಮೆ ಬದಲಾಗುತ್ತದೆ, ತೋಟಗಾರಿಕೆ ಇಲಾಖೆಯಲ್ಲಿ ನೀವೇ ಕೇಳಿ, ಸಸಿ ಮಾರುವವರ ಮಾತು ನಂಬಿ ಸಾಲ ಮಾಡಬೇಡಿ. ಹಿಟ್ನಳ್ಳಿ ಕೃಷಿ ವಿಜ್ಞಾನ ಕೇಂದ್ರದವರಿಗೆ ಮಣ್ಣು ತೋರಿಸಿ.

ಕಾಕಾ ಆ ದಿನ ಖಾಲಿ ಕಂಬಗಳ ಹತ್ತಿರ ಸುಮಾರು ಹೊತ್ತು ನಿಂತಿದ್ದರು. ಒಂದು ಕಂಬಕ್ಕೆ ಕೈ ಹಚ್ಚಿ, "ಒಂದಕ್ಕ ಎಷ್ಟ ಬಿದ್ದಿತ್ತ?" ಅಂತ ಕೇಳಿದರು. ಹೇಳಿದೆ. ಮನಸ್ಸಿನಲ್ಲೇ 41ರಿಂದ ಗುಣಿಸಿದರು ಅಂತ ಕಾಣುತ್ತದೆ, ಮಾತಾಡಲಿಲ್ಲ. ನಿನ್ನೆ ಫೋನ್ ಮಾಡಿದ್ದರು. ಎರಡು ಎಕರೆಯ ಎರಿಗೆ ಮುಂಗಾರಿಯಲ್ಲಿ ತೊಗರಿ ಹಾಕ್ತಾರಂತೆ. ಮನೆ ಹಿಂದಿನ ಮಡ್ಡಿಯಲ್ಲಿ 5 ಗುಂಟೆಗೆ 50 ಕಂಬ ಮಾತ್ರ, ಅದೂ ಸಾಲ ಇಲ್ಲದೆ.

"ಗುಂಡಿ ತಗದೀನಿ ಯವ್ವಾ," ಅಂದರು, "ಎರ್‍ಯಾಗ ಒಂದು, ಮಡ್ಡ್ಯಾಗ ಒಂದು. ಎರೀದು ಇನ್ನೂ ತುಂಬೇ ಐತಿ. ಮಡ್ಡೀದು ಮುಂಜಾನಿಕ್ಕೇ ಖಾಲಿ."